ವಲ್ಲಿಯೊಳಗಿನ ಸಂತೆ

ಹೋದ ತಿಂಗಳು ನಮ್ಮ ಚರಿತ್ರೆ ಮೇಷ್ಟ್ರು ತೀರಿಕೊಂಡಾಗ ಶಾಲೆಯ ಹಜಾರದಲ್ಲಿ ಒಂದು ಸಭೆ ಸೇರಿಸಿದರು. ಹೆಡ್ಮಾಸ್ಟರು ಮಾತಾಡಿದರು, ಗಣಿತದವರು ಮಾತಾಡಿದರು. ಅವರಿಬ್ಬರೂ ವರ್ಣಿಸಿದ ಮನುಷ್ಯ ಶಾಂತಮೂರ್ತಿ, ಮಿತಭಾಷಿ, ಸಮಯಪಾಲಕ. ನಾನು ಪಕ್ಕದವನ ಕಿವಿಯಲ್ಲಿ, "ಇನ್ಯಾರಾದ್ರೂ ಸತ್ತಿದಾರೇನೋ?" ಎಂದು ಕೇಳಿದೆ. ಅವನು ನನ್ನ ಕಾಲು ತುಳಿದ.

ಹಳೆಯ ವಿದ್ಯಾರ್ಥಿಗಳ ಪರವಾಗಿಯೂ ಒಬ್ಬರು ಏಳಲಿ ಎಂದಾಗ ಹಿಂದಿನ ಬೆಂಚಿನವರೆಲ್ಲ ಸೇರಿ ನನ್ನನ್ನು ಎಬ್ಬಿಸಿದರು. ನನಗೆ ಭಾಷಣ ಬರುವುದಿಲ್ಲ. ನಿನ್ನದು ಅಂತ ಒಂದು ದನಿಯೇ ಇಲ್ಲವಲ್ಲೋ ಎಂದು ನಮ್ಮಮ್ಮ ದಿನವೂ ಬೈಯುತ್ತಾಳೆ. ಚರ್ಚಿನ ಪಾದ್ರಿಗಳ ದನಿ, ಮಂಡಿಯ ಸೇಟುವಿನ ದನಿ, ಬೈಯುವ ಅಮ್ಮನ ದನಿ, ಹೀಗೆ ಊರಿನವರ ಗಂಟಲುಗಳನ್ನೆಲ್ಲ ಎರವಲು ತಂದು ಬದುಕುವವನು ನಾನು. ಆದ್ದರಿಂದ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಇಲ್ಲದ ಪೇಟವನ್ನು ಸರಿಮಾಡಿಕೊಂಡೆ, ಒಮ್ಮೆ ಸೀನಿದೆ, ಶುರುಮಾಡಿದೆ: "ಮೌರ್ಯರ ಸಾಮ್ರಾಜ್ಯ ಬಹಳ ವಿಸ್ತಾರವಾಗಿತ್ತು. ಇರಲಿ, ಮೌರ್ಯರು ಎಲ್ಲಿಗೂ ಓಡಿಹೋಗಲ್ಲ. ಅದೇ ವೇಳೆಗೆ ನಮ್ಮ ಕಡವಿನಪೇಟೆಯಲ್ಲಿ..."

ಸಭೆ ತಬ್ಬಿಬ್ಬಾಯಿತು. ನಗುವುದೋ ಅಳುವುದೋ ತಿಳಿಯದೆ ಹೆಡ್ಮಾಸ್ಟರು ಎರಡಕ್ಕೂ ಅನುಕೂಲವಾಗುವಂಥ ಒಂದು ಮುಖ ಮಾಡಿದರು. ಆಗ ಹೆಂಗಸರ ಸಾಲಿನಿಂದ ಮೇಷ್ಟ್ರ ಹೆಂಡತಿಯ ದನಿ ಕೇಳಿಸಿತು.

"ಅಂತೋಣಿ, ಇನ್ನೂ ಸ್ವಲ್ಪ ಮೂಗಲ್ಲಿ ಹೇಳಪ್ಪ. ಪೇಟೆ ಅನ್ನೋವಾಗ ಅವರ ಮೂಗು ಮೇಲಕ್ಕೆ ಹೋಗೋದು."

ಮೂಗು ಮೇಲಕ್ಕೆ ಮಾಡಿ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಈಗ ಅವರೇ ಬಂದಂಗಾಯ್ತು," ಎಂದರು. ಆಮೇಲೆ ಎಲ್ಲರೂ ನಕ್ಕರು. ಅಪ್ಪಣೆ ಸಿಕ್ಕಿತೆಂದು ನಾನು ಈಗ ಇದನ್ನೆಲ್ಲ ಬರೆಯುತ್ತಿದ್ದೇನೆ.

ಕಡವಿನಪೇಟೆ ಎಲ್ಲಿದೆ ಎಂದು ನೀವು ಕೇಳಬಹುದು. ನಾವು ಯಾರೂ ಕೇಳುತ್ತಿರಲಿಲ್ಲ. ಕೇಳುವುದರೊಳಗೆ ಮೇಷ್ಟ್ರು ಹೇಳಿ ಮುಗಿಸಿರುತ್ತಿದ್ದರು. ಅದು ಸಂಸ್ಥಾನದ ತುದಿಯಲ್ಲಿ, ಹೊಳೆಯ ದಡದಲ್ಲಿರುವ ಅವರ ಹುಟ್ಟೂರು. ಈ ದಡ ಮಹಾರಾಜರದು, ಆ ದಡ ಇಂಗ್ಲಿಷರ ಕುಂಪಣಿ ಸೀಮೆ. ಈ ದಡದಲ್ಲಿ ಕನ್ನಡ, ಆ ದಡದಲ್ಲಿ ತಮಿಳು. ನಡುವೆ ಕಾಲಿನಲ್ಲೇ ದಾಟಬಹುದಾದ ಒಂದು ಕಡವು, ಕಡವಿನ ಬದಿಗೆ ಮಂಗಳವಾರದ ಸಂತೆ. ಮೇಷ್ಟ್ರ ಪ್ರಕಾರ ಪ್ರಪಂಚದ ಚರಿತ್ರೆಯಲ್ಲಿ ನಡೆದದ್ದೆಲ್ಲ ಒಂದೋ ಆ ಸಂತೆಯಲ್ಲಿ ನಡೆದಿತ್ತು, ಇಲ್ಲವೇ ಅದಕ್ಕೆ ಬರುವ ದಾರಿಯಲ್ಲಿ ನಡೆದಿತ್ತು. ಪಾಣಿಪತ್ತಿನಲ್ಲಿ ಆನೆಗಳು ಓಡುತ್ತಿದ್ದಾಗ ಕಡವಿನಪೇಟೆಯಲ್ಲಿ ಎಳ್ಳಿನ ವ್ಯಾಪಾರ ಜೋರಾಗಿತ್ತು. ಫ್ರಾನ್ಸಿನವರು ದಂಗೆ ಎದ್ದಾಗ ಕಡವಿನಪೇಟೆಯವರು, "ನಮಗ್ಯಾಕೆ," ಎಂದಿದ್ದರು.

"ಸಾರ್, ನಿಮ್ಮೂರ ಕೋಟೇನ ಯಾರೂ ಮುತ್ತಿಗೆ ಹಾಕಲಿಲ್ವಾ?" ಎಂದು ಒಮ್ಮೆ ಕೇಳಿದೆ.

"ಹಾಕೋಕೆ ಬಂದಿದ್ರು ಕಣೋ. ಅವತ್ತು ಮಂಗಳವಾರ ಅಂತ ಅವರಿಗೆ ಗೊತ್ತಿರಲಿಲ್ಲ. ಸೈನಿಕರೆಲ್ಲ ಸಂತೇಲಿ ಬೆಲ್ಲ ಕೊಂಡ್ಕೊಂಡು ವಾಪಸ್ ಹೋದ್ರು."

"ಸೇನಾಪತಿ ಸಾರ್?"

"ಅವನು ಎಮ್ಮೆ ಕೊಂಡ."

ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದ ಹುಡುಗನನ್ನು ಅವರು ಬೆಂಚಿನ ಮೇಲೆ ನಿಲ್ಲಿಸಿದರು. ಶಿಕ್ಷೆಗಲ್ಲ, ಅವನಿಗೆ ದೂರದವರೆಗೆ ಕಾಣಲಿ ಅಂತ.

ಮೇಷ್ಟ್ರು ಅಗ್ರಹಾರದ ಕಡೆ ಚೊಕ್ಕ ಮನೆ ಹಿಡಿಯಬಹುದಿತ್ತು. ಅವರು ಮಾತ್ರ ಮಂಡಿ ಮೊಹಲ್ಲಾದಲ್ಲಿ, ನಮ್ಮ ಮನೆಯ ಎದುರಿಗೆ, ಮೆಣಸಿನಕಾಯಿ ಮಳಿಗೆಯ ಮಹಡಿಯ ಮೇಲೆ ಇದ್ದರು. ಬೆಲ್ಲ, ಗೋಣಿ, ಅರಿಸಿನ, ಎತ್ತಿನ ಸಗಣಿ ಎಲ್ಲ ಸೇರಿದ ಆ ಬೀದಿಯ ವಾಸನೆ ಅವರ ಊರಿನದೇ ಅಂತೆ. ಮಳಿಗೆಯವರು ಮೂಟೆ ಬಿಚ್ಚಿದ ದಿನ ಮನೆಮಂದಿಯೆಲ್ಲ ಸೀನುತ್ತಿದ್ದರು. ಮೇಷ್ಟ್ರು ಸೀನಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಆಹಾ, ಸಂತೆ," ಎನ್ನುತ್ತಿದ್ದರು. ನಮ್ಮ ಮನೆಯ ಕೊಡುಗೆಯೂ ಬೀದಿಗೆ ಕಡಿಮೆಯದಲ್ಲ. ನಮ್ಮಪ್ಪ ಮದುವೆ ಬ್ಯಾಂಡಿನ ಯಜಮಾನರು, ಕ್ಲಾರಿನೆಟ್ ಊದುವವರು. ನನಗೆ ರಾಗ, ಶ್ರುತಿ ಯಾವುದೂ ಹತ್ತಲಿಲ್ಲವಾದ್ದರಿಂದ ದೊಡ್ಡ ಡೋಲು ಕೊಟ್ಟಿದ್ದಾರೆ. ನಮ್ಮ ಚರ್ಚಿನ ಅರ್ಧ ಗಂಡಸರು ಆ ಬ್ಯಾಂಡಿನಲ್ಲಿದ್ದಾರೆ. ಮೈಸೂರಿನ ಹಿಂದೂ ಮದುವೆಗಳು ನಮ್ಮಿಂದ ನಡೆಯುತ್ತವೆ ಎಂದು ಅಪ್ಪ ನಂಬಿದ್ದಾರೆ.

ಮೇಷ್ಟ್ರ ವೇಷವನ್ನು ಹೇಳಬೇಕು. ಜರಿ ಪೇಟ, ಕರಿ ಕೋಟು, ಕಚ್ಚೆ ಪಂಚೆ, ಇಷ್ಟರವರೆಗೆ ಎಲ್ಲ ಮೇಷ್ಟ್ರುಗಳೂ ಒಂದೇ. ಕೋಟಿನ ಮೇಲೆ ಹೆಗಲಿಗೆ ಒಂದು ದಪ್ಪ, ಕಂದುಬಣ್ಣದ ಒರಟು ವಲ್ಲಿ. ಅದು ಮಡಿವಾಳನಿಗೆ ಹೋಗುತ್ತಿರಲಿಲ್ಲ. ಕಡವಿನಪೇಟೆಯ ದನದ ವ್ಯಾಪಾರವೆಲ್ಲ ಅಂಥ ವಲ್ಲಿಯ ಕೆಳಗೆ ನಡೆಯುತ್ತದಂತೆ. ಕೊಳ್ಳುವವನೂ ಮಾರುವವನೂ ಕೈ ಚಾಚುತ್ತಾರೆ, ದಲ್ಲಾಳಿ ಮೇಲೆ ವಲ್ಲಿ ಹಾಸುತ್ತಾನೆ, ಒಳಗೆ ಬೆರಳುಗಳು ಮಾತಾಡುತ್ತವೆ. ಬೆರಳು ಅದುಮಿದರೆ ಬೆಲೆ, ಅಂಗೈ ಕೆರೆದರೆ ಬೇಡ, ಇಡೀ ಕೈಯನ್ನು ಹಿಡಿದು ಕುಲುಕಿದರೆ ಆಯಿತು, ಬ್ರಹ್ಮ ಬಂದರೂ ಬದಲಿಲ್ಲ. ಒಳಗೆ ಏನು ನಡೆಯಿತೆಂದು ಆಮೇಲೆ ಹೆಂಡತಿಗೂ ಹೇಳುವಂತಿಲ್ಲ. ದಲ್ಲಾಳಿ ಮಾಡಬೇಕಾದದ್ದು ಒಂದೇ: ಬೆರಳಾಡುವ ಮೊದಲು ಮಾಲು ಯಾವುದೆಂದು ಇಬ್ಬರಿಗೂ ಕೇಳುವ ಹಾಗೆ ಕೂಗಬೇಕು.

"ಬಾಯಿ ಇರೋವಾಗ ಬೆರಳು ಯಾಕೆ ಸಾರ್?"

"ಎರಡು ದಡ, ಎರಡು ಭಾಷೆ. ಬಾಯಿ ಬಿಟ್ರೆ ಜಗಳ. ಮಾತು ಬಿಟ್ಟ ಅಣ್ಣತಮ್ಮಂದಿರೂ ವ್ಯಾಪಾರ ಮಾಡಬೋದು. ಆಮೇಲೆ ಇನ್ನೊಂದು ಇದೆ. ಎತ್ತು ಅಲ್ಲೇ ನಿಂತಿರತ್ತೆ. ಅದರ ಎದುರಿಗೇ ಅದರ ಬೆಲೆ ಇಳಿಸಿದ್ರೆ ಅದಕ್ಕೆ ಹೆಂಗಾಗಬೇಡ?"

ಈ ಪದ್ಧತಿಯನ್ನು ಅವರು ಮೈಸೂರಿಗೂ ತಂದರು. ತಿಂಗಳ ಪರೀಕ್ಷೆಯ ಅಂಕಗಳನ್ನು ವಲ್ಲಿಯ ಕೆಳಗೇ ಗೊತ್ತುಮಾಡುತ್ತಿದ್ದರು. ಹುಡುಗ ಮೇಜಿನ ಬಳಿ ಹೋಗಿ ಕೈ ಚಾಚಬೇಕು. ಪೂರ್ತಿ ಅಂಕ ಬೇಕೆಂದು ನಾನು ಅವರ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿಯುತ್ತಿದ್ದೆ. ಅವರು ನನ್ನ ಅಂಗೈ ಕೆರೆಯುತ್ತಿದ್ದರು. ಕಚಗುಳಿಯಾಗಿ ನಾನು ನಕ್ಕುಬಿಟ್ಟರೆ, "ನಕ್ಕೋನು ಸೋತ," ಎಂದು ಅವರಿಗೆ ತೋಚಿದ್ದನ್ನು ಹಾಕುತ್ತಿದ್ದರು. ಅವರಿಗೆ ತೋಚುತ್ತಿದ್ದದ್ದು ಯಾವಾಗಲೂ ನನ್ನ ಯೋಗ್ಯತೆಗಿಂತ ಒಂದು ಬೆರಳು ಹೆಚ್ಚೇ. ಜಟಕಾ ಸಾಬಿಯ ಹತ್ತಿರ ಮಾತ್ರ ಇದು ನಡೆಯಲಿಲ್ಲ. ಬಾಡಿಗೆ ಗೊತ್ತುಮಾಡಲು ಮೇಷ್ಟ್ರು ಅವನ ಕೈ ಹಿಡಿದು ವಲ್ಲಿ ಮುಚ್ಚಿದಾಗ ಅವನು ಕುದುರೆಯ ಕಡೆ ತಿರುಗಿ, "ಸ್ವಾಮಿಗೆ ನಾಡಿ ತೋರ್ಸಬೇಕಂತೆ, ಆಸ್ಪತ್ರೆಗೆ ನಡಿಯಪ್ಪ," ಎಂದು ಚಾಟಿ ಎತ್ತಿದ.

ಹೀಗೆ ಎಲ್ಲವೂ ಸುಖವಾಗಿದ್ದಾಗ ಒಂದು ದಿನ ಕಡವಿನಪೇಟೆಯೇ ಮಂಡಿ ಮೊಹಲ್ಲಾಕ್ಕೆ ಬಂತು. ಅಂದರೆ ಅಲ್ಲಿನ ದನದ ದಲ್ಲಾಳಿ ಮಾದಪ್ಪ ಬಂದ. ಮೇಷ್ಟ್ರ ಬಾಲ್ಯದ ಗೆಳೆಯ, ಅವರಿಗೆ ಬೆರಳಿನ ಭಾಷೆ ಕಲಿಸಿದವನು, ಹುರಿಮೀಸೆಯ ಆರಡಿ ಆಳು. ನಾನು ಆಗ ಶಾಲೆ ಬಿಟ್ಟು ಡೋಲಿಗೆ ಸೇರಿದ್ದೆ. ಸಂಜೆ ಮೇಷ್ಟ್ರ ಜಗಲಿಯಲ್ಲಿ ಕೂತು ಅವರ ಮುಂದೆಯೇ ಅವರನ್ನು ಅಣಕಿಸುವುದು ನನ್ನ ನಿತ್ಯದ ಸೇವೆ.

"ಸಾಮೇರಾ, ಕೆಟ್ಟೋಯ್ತು," ಎಂದ ಮಾದಪ್ಪ. "ಕೆಳಗ್ಲ ಊರ್ತಾವ ಸೇತುವೆ ಕಟ್ತಾವ್ರೆ. ಇನ್ ಕಡವ್ಯಾಕೆ ಅಂತ ಸಂತೇನೂ ಅಲ್ಗೇ ಒತ್ಕೊಂಡೋಯ್ತರಂತೆ. ನಮ್ಮೂರು ಮಂಗ್ಳಾರಾನೂ ಸೋಮಾರ್ದಂಗೇ ಆಗೋಯ್ತದೆ."

ಮೇಷ್ಟ್ರು ಎದ್ದು ನಿಂತರು. ಮೌರ್ಯರು ಅಳಿದಾಗ, ವಿಜಯನಗರ ಬಿದ್ದಾಗ ಅವರು ಎದ್ದದ್ದನ್ನು ನಾನು ಕಂಡಿರಲಿಲ್ಲ.

"ಸಂತೆ ಎಲ್ಲಿಗೂ ಹೋಗಲ್ಲ ಮಾದಪ್ಪ. ಒಂದು ಎತ್ತಿನ ಬಾಲವೂ ಆಚೆ ಹೋಗದಂಗೆ ನಾನು ನೋಡ್ಕೋತೀನಿ."

"ಮಾತು?"

"ಮಾತು."

ಮಾದಪ್ಪ ನೆಮ್ಮದಿಯಾಗಿ ಎರಡು ಲೋಟ ಕಾಫಿ ಕುಡಿದು, ಇದು ಕಷಾಯ ಎಂದು ತೀರ್ಮಾನಿಸಿ, ಊರಿಗೆ ಹೋದ.

ಸಂತೆ ಎಲ್ಲಿರಬೇಕೆಂದು ಹೇಳುವ ಅಧಿಕಾರವಿದ್ದವರು ಮೈಸೂರಿನಲ್ಲೇ ಇದ್ದ ಒಬ್ಬ ಕಂದಾಯದ ಸಾಹೇಬರು. ಒಳ್ಳೆಯವರು, ಲಂಚ ಮುಟ್ಟದವರು, ಎತ್ತರದ ದನಿಯಲ್ಲಿ ಮಾತಾಡದವರು. ಅವರಲ್ಲಿದ್ದ ದೋಷ ಒಂದೇ, ಯಾವುದಕ್ಕೂ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ, "ನೋಡೋಣ," ಎನ್ನುತ್ತಿದ್ದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೇಜಿನ ಎಡಗಡೆಯ ಕಾಗದವನ್ನು ಬಲಗಡೆಗೆ ಸರಿಸಿ, "ನೋಡೋಣ". ಅವರ ಮಗಳ ಮದುವೆಗೆ ನಮ್ಮದೇ ಬ್ಯಾಂಡು. ಪುರೋಹಿತರು, "ಮುಹೂರ್ತ ಬಂತು, ಧಾರೆ ಎರೀಬಹುದೇ?" ಎಂದು ಕೇಳಿದಾಗಲೂ ಅವರ ಬಾಯಿಂದ ಅದೇ ಬಂದದ್ದನ್ನು ಡೋಲಿನ ಹಿಂದೆ ನಿಂತು ನಾನೇ ಕೇಳಿದ್ದೇನೆ. ಅಂದಿನಿಂದ ಆ ದನಿಯೂ ನನ್ನ ಗಂಟಲಿಗೆ ಸೇರಿಕೊಂಡಿತ್ತು.

ಮೇಷ್ಟ್ರು ಅರ್ಜಿ ಕೊಟ್ಟರು. ನೋಡೋಣ. ಕಡವಿನಪೇಟೆಯ ಪ್ರಾಚೀನತೆಯನ್ನು ವಿವರಿಸಿ ಉದ್ದನೆಯ ಇನ್ನೊಂದು ಅರ್ಜಿ ಕೊಟ್ಟರು. ಉದ್ದನೆಯ ನೋಡೋಣ. ಇತ್ತ ಸೇತುವೆಯ ಕಮಾನುಗಳು ಒಂದೊಂದಾಗಿ ಏಳುತ್ತಿದ್ದವು. ಸಾಹೇಬರು ಸುಮ್ಮನಿದ್ದಷ್ಟೂ ಸಂತೆ ತಾನಾಗಿಯೇ ಜಾರಿ ಅಲ್ಲಿಗೆ ಹೋಗುವುದು ಖಂಡಿತ ಎಂದು ಮೇಷ್ಟ್ರಿಗೆ ಗೊತ್ತಿತ್ತು.

ಒಂದು ಸಂಜೆ ಅವರು ನನ್ನನ್ನು ಮಹಡಿಗೆ ಕರೆದರು. "ಅಂತೋಣಿ, ಸಾಹೇಬರ ಬಾಯಿಂದ ಉತ್ತರ ಬರಲ್ಲ. ಕೈಯಿಂದ ತೆಗೀಬೇಕು. ವಲ್ಲಿ ಕೆಳಗೆ ನೋಡೋಣ ಅನ್ನೋಕೆ ಬೆರಳೇ ಇಲ್ಲ. ಶಾಲೆ ವಾರ್ಷಿಕೋತ್ಸವಕ್ಕೆ ಅವರೇ ಅಧ್ಯಕ್ಷರು. ನಾನೊಂದು ಸಂತೆ ದೃಶ್ಯ ಆಡಿಸ್ತೀನಿ. ಆಚೆ ದಡದ ವ್ಯಾಪಾರಿ ನೀನು. ಕೊನೆಗೆ ಅಧ್ಯಕ್ಷರು ಬಂದು ಒಂದು ಕೈ ಹಾಕಬೇಕು ಅಂತ ಬಿನ್ನಹ ಮಾಡ್ಕೋತೀನಿ. ಮಾಲು ಕೂಗ್ತೀನಿ, ಕಡವಿನಪೇಟೆ ಸಂತೆ ಅಂತ. ಅವರು ಕೈ ಹಿಡಿದ್ರೆ ಉಳೀತು. ಕೆರೆದ್ರೆ ಹೋಯ್ತು. ಯಾವುದಾದರೂ ಒಂದು ಗೊತ್ತಾಗಲಿ."

"ಅವರಿಗೆ ಬೆರಳಿನ ಭಾಷೆ ಬರಬೇಕಲ್ಲ ಸಾರ್?"

"ದೃಶ್ಯದಲ್ಲಿ ಮೊದಲೇ ವಿವರಿಸ್ತೀನಲ್ಲೋ. ಈಗ ನೀನು ಸಾಹೇಬರಾಗು, ಅಭ್ಯಾಸ ಮಾಡೋಣ."

ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಮೇಷ್ಟ್ರು ಕೈಮುಗಿದು, "ಮಹಾಸ್ವಾಮಿ, ಮಾಲು ಕಡವಿನಪೇಟೆ ಸಂತೆ," ಎಂದರು. ನಾನು ಅಷ್ಟು ಚೆನ್ನಾಗಿ ಸಾಹೇಬರಾಗಿಬಿಟ್ಟಿದ್ದೆ, ಕೈ ಮುಂದಕ್ಕೆ ಬರಲೇ ಇಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ನೋಡೋಣ."

"ಕೈ ಕೊಡೋ."

"ಅದನ್ನೂ ನೋಡೋಣ."

ಮೇಷ್ಟ್ರು ವಲ್ಲಿಯಿಂದ ನನ್ನ ತಲೆಗೆ ಹೊಡೆದರು. ಒಳಗಿನಿಂದ ಅವರ ಹೆಂಡತಿ, "ಸಾಹೇಬರಿಗೆ ಹೊಡೀಬೇಡಿ, ಕೆಲಸ ಹೋಗತ್ತೆ," ಎಂದರು.

ವಾರ್ಷಿಕೋತ್ಸವದ ದಿನ ಶಾಲೆಯ ಬಯಲಿನ ನಡುವೆ ಸಾಹೇಬರಿಗೆ ಕುರ್ಚಿ, ಸುತ್ತ ಜನ. ಕಡವಿನಪೇಟೆಯಿಂದ ಗಾಡಿ ಕಟ್ಟಿಕೊಂಡು ಮಾದಪ್ಪನ ಕಡೆಯವರು ಬಂದು ಒಂದು ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಗೆದ್ದರೆ ಹಂಚಲೆಂದು ಬೆಲ್ಲ ತಂದಿದ್ದರು. ನಮ್ಮಪ್ಪನ ಬ್ಯಾಂಡು ಇನ್ನೊಂದು ಮಗ್ಗುಲಲ್ಲಿ. ನಾನು ಆಚೆ ದಡದವನಾಗಿ ಮುಂಡಾಸು ಸುತ್ತಿದ್ದೆ. ಡೋಲನ್ನು ಅವತ್ತಿನ ಮಟ್ಟಿಗೆ ನನ್ನ ಚಿಕ್ಕಪ್ಪನ ಹೊಟ್ಟೆಗೆ ಕಟ್ಟಿದ್ದರು.

ಎತ್ತನ್ನು ಮಾತ್ರ ಕಡವಿನಪೇಟೆಯಿಂದ ತರಿಸಿರಲಿಲ್ಲ. ಅಷ್ಟು ದೂರ ನಡೆಸಬಾರದೆಂದು ನಮ್ಮ ಬೀದಿಯ ಗಾಣದ ಎತ್ತನ್ನೇ ಕೇಳಿ ತಂದಿದ್ದೆವು. ಹುಟ್ಟಿದಂದಿನಿಂದ ಗಾಣ ಸುತ್ತಿದ ಪ್ರಾಣಿ. ಬಯಲಿಗೆ ಬಂದದ್ದೇ ತಡ, ನಡುವೆ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದ ಸಾಹೇಬರನ್ನು ಗಾಣದ ಕಂಬವೆಂದು ತಿಳಿದು ಅವರ ಸುತ್ತ ತಿರುಗತೊಡಗಿತು. ನಾನು ಹಗ್ಗ ಹಿಡಿದು ಹಿಂದೆ. ಮೇಷ್ಟ್ರು ವಲ್ಲಿ ಹಿಡಿದು ನನ್ನ ಹಿಂದೆ. ಚರಿತ್ರೆಯ ವಿವರಣೆಯನ್ನೆಲ್ಲ ಅವರು ಪ್ರದಕ್ಷಿಣೆ ಮಾಡುತ್ತಲೇ ಕೊಟ್ಟರು. ಅವರು ಎದುರಿಗೆ ಬಂದಾಗ ಹೇಳಿದ್ದು ಸಾಹೇಬರಿಗೆ ಕೇಳುತ್ತಿತ್ತು, ಬೆನ್ನ ಹಿಂದೆ ಹೋದಾಗ ಹೇಳಿದ್ದು ಎತ್ತಿಗೆ ಕೇಳುತ್ತಿತ್ತು. ಅಂಗೈ ಕೆರೆಯುವ ವಿಷಯ, ಕೈ ಕುಲುಕುವ ವಿಷಯ, ಎರಡೂ ಬೆನ್ನ ಹಿಂದೆಯೇ ಬಂದವು.

ಗಾಣದವನು ಬಂದು ಎತ್ತಿನ ಮೂಗುದಾರ ಹಿಡಿದು ನಿಲ್ಲಿಸಿದ. ಮೇಷ್ಟ್ರು ಏದುಸಿರು ಬಿಡುತ್ತ ಸಾಹೇಬರ ಮುಂದೆ ನಿಂತು, "ಮಹಾಸ್ವಾಮಿ ಒಂದು ಕೈ ಹಾಕಬೇಕು," ಎಂದರು. ಸಾಹೇಬರು ಇನ್ನೂ ತಲೆ ತಿರುಗುತ್ತಿದ್ದಂತೆ ಕೈ ಚಾಚಿದರು. ವಲ್ಲಿ ಬಿತ್ತು. ಮೇಷ್ಟ್ರು ಉಸಿರೆಳೆದುಕೊಂಡು ಮಾಲು ಕೂಗಲು ಬಾಯಿ ತೆರೆದರು.

ನಮ್ಮಪ್ಪನ ಬ್ಯಾಂಡಿನವರು ಜೀವಮಾನವೆಲ್ಲ ಮದುವೆಗಳಲ್ಲಿ ನಿಂತವರು. ಎರಡು ಕೈ ಸೇರಿ ಮೇಲೆ ಬಟ್ಟೆ ಬಿದ್ದರೆ ಅವರ ಪಾಲಿಗೆ ಅದಕ್ಕೆ ಒಂದೇ ಅರ್ಥ. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಕ್ಲಾರಿನೆಟ್, ತಮಟೆ, ಕಹಳೆ, ಚಿಕ್ಕಪ್ಪನ ಹೊಟ್ಟೆ, ಎಲ್ಲ ಒಟ್ಟಿಗೆ ಮುಹೂರ್ತದ ಗಟ್ಟಿಮೇಳ ಬಾರಿಸಿಬಿಟ್ಟವು. ಮುಂದಿನ ಸಾಲಿನಲ್ಲಿ ಕೂತಿದ್ದ ಮುತ್ತೈದೆಯೊಬ್ಬರು ಅಭ್ಯಾಸಬಲದಿಂದ ಮಡಿಲಿಗೆ ಕೈಹಾಕಿ ಅಕ್ಷತೆ ಹುಡುಕಿದರು. ಮೇಷ್ಟ್ರ ತುಟಿ ಅಲ್ಲಾಡಿದ್ದು ಕಾಣಿಸಿತು. ದನಿ ಪಕ್ಕದಲ್ಲೇ ನಿಂತಿದ್ದ ನನಗೂ ಕೇಳಲಿಲ್ಲ.

ಸಾಹೇಬರಾದರೋ ಇಂಗ್ಲಿಷು ಕಲಿತ ಸಭ್ಯರು. ಒಬ್ಬರು ಕೈ ಹಿಡಿದರೆ ಏನು ಮಾಡಬೇಕೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೇಷ್ಟ್ರ ಕೈಯನ್ನು ಪೂರ್ತಿಯಾಗಿ ಹಿಡಿದು ಚೆನ್ನಾಗಿ ಕುಲುಕಿದರು. ವಲ್ಲಿ ಕುಣಿಯಿತು.

"ಆಗೋಯ್ತು ಕಣ್ರಪ್ಪಾ," ಎಂದು ಮಾದಪ್ಪ ಎದ್ದ. ಕಡವಿನಪೇಟೆಯವರೆಲ್ಲ ಎದ್ದರು. ಎಲ್ಲರ ಬಾಯಿಗೂ ಬೆಲ್ಲ. ಸಾಹೇಬರ ಬಾಯಿಗೆ ಮಾದಪ್ಪ ತನ್ನ ಕೈಯಾರೆ ಒಂದು ಅಚ್ಚಿನ ಅರ್ಧವನ್ನು ತುರುಕಿದ. ಅವರು ಏನೋ ಹೇಳಲು ಹೊರಟರು. ಏನು ಹೇಳಲು ಹೊರಟರೆಂದು ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಬೆಲ್ಲ ಬಿಡಲಿಲ್ಲ.

ಮಾರನೆಯ ದಿನ ಬಂಗಲೆಯಿಂದ ಕರೆ ಬಂತು. ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹೋದರು.

ಸಾಹೇಬರು ಕನ್ನಡಕ ಒರೆಸುತ್ತಿದ್ದರು. "ಮೇಷ್ಟ್ರೇ, ನಿನ್ನೆ ರಾತ್ರಿ ಕ್ಲಬ್ಬಲ್ಲಿ ಎಲ್ಲರೂ ನನಗೆ ಶಾಬಾಸ್ ಹೇಳಿದ್ರು. ಸಂತೇನ ಕಡವಲ್ಲೇ ಉಳಿಸಿದ್ನಂತೆ. ಯಾವಾಗ ಉಳಿಸಿದೆ?"

"ತಾವು ಕೈ ಕುಲುಕಿದ್ರಿ ಮಹಾಸ್ವಾಮಿ."

"ಅದು ಶೇಕ್‌ಹ್ಯಾಂಡು."

ನಾನು ಮೇಷ್ಟ್ರ ಮುಖ ನೋಡಿದೆ. ಊರೆಲ್ಲ ಬೆಲ್ಲ ತಿಂದಾಗಿದೆ, ಕ್ಲಬ್ಬು ಶಾಬಾಸ್ ಎಂದಾಗಿದೆ. ಈಗ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಿದರೆ ಸಾಹೇಬರು ಹಿಂದೆ ಸರಿಯುವಂತಿರಲಿಲ್ಲ. ಮೇಷ್ಟ್ರು ಮಾತ್ರ ಪೇಟ ಸರಿಮಾಡಿಕೊಂಡು, "ಒಂದು ಕೇಳ್ತೀನಿ. ನಾನು ಮಾಲು ಯಾವುದು ಅಂತ ಕೂಗಿದ್ದು ತಮಗೆ ಕೇಳಿಸಿತೇ?" ಎಂದರು.

"ಡೋಲು ಕೇಳಿಸಿತು."

ನಾನು ಮೇಷ್ಟ್ರ ಕೋಟು ಜಗ್ಗಿದೆ. ಅವರು ನನ್ನ ಕೈಯನ್ನು ನೊಣ ಓಡಿಸಿದ ಹಾಗೆ ಓಡಿಸಿದರು.

"ಹಾಗಾದ್ರೆ ವ್ಯಾಪಾರ ಬಿದ್ದುಹೋಯ್ತು. ಕೇಳದ ಮಾಲಿಗೆ ಕೈ ಕುಲುಕಿದ್ರೆ ನಮ್ಮೂರಲ್ಲಿ ಅದು ನಿಲ್ಲಲ್ಲ. ತಾವು ಏನೂ ಒಪ್ಪಿಲ್ಲ ಮಹಾಸ್ವಾಮಿ. ಕ್ಲಬ್ಬಿನವರಿಗೆ ಹಾಗೇ ಹೇಳಬಹುದು."

ಇಷ್ಟು ವರ್ಷ ಎಲ್ಲರೂ ಸಾಹೇಬರಿಂದ ಒಂದು ಹೂಂ ಕಿತ್ತುಕೊಳ್ಳಲು ಹೆಣಗುವವರೇ. ಕೈಗೆ ಸಿಕ್ಕಿದ್ದ ಹೂಂ ಅನ್ನು ಹಿಂದಕ್ಕೆ ಕೊಟ್ಟವರನ್ನು ಅವರು ಕಂಡಿರಲಿಲ್ಲ. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಆಮೇಲೆ ಮೇಜಿನ ಮೇಲಿನ ಕಾಗದಗಳನ್ನು ಬದಿಗೆ ತಳ್ಳಿ, "ಸರಿಯಾಗಿ ಹೆಂಗೆ ಮಾಡೋದು, ತೋರಿಸಿ," ಎಂದು ಕೈ ಚಾಚಿದರು.

ಈ ಸಲ ಮೇಷ್ಟ್ರು ಬೆರಳುಗಳನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ವಲ್ಲಿ ಹಾಸಿದರು. "ಮಾಲು, ಬೆಲ್ಲದ ಸಾಲು, ಕಡವಲ್ಲೇ ಉಳೀಬೇಕು," ಎಂದು ಬಂಗಲೆಯ ಜವಾನ ಓಡಿಬರುವಷ್ಟು ಜೋರಾಗಿ ಕೂಗಿದರು. ವಲ್ಲಿಯ ಕೆಳಗೆ ಏನೋ ಆಯಿತು. "ಮಾಲು, ತರಕಾರಿ." "ಮಾಲು, ದವಸ." "ಮಾಲು, ಜವಳಿ." ಸಾಹೇಬರಿಗೆ ಹುರುಪು ಬಂದಿತ್ತು, ಕುರ್ಚಿಯ ಅಂಚಿಗೆ ಬಂದಿದ್ದರು.

"ಮಾಲು, ದನ."

ಇಲ್ಲಿ ತಡವಾಯಿತು. ಸಾಹೇಬರ ಹಣೆಯಲ್ಲಿ ಬೆವರು ಕಂಡಿತು. ಬಾಯಿ ತೆರೆದು, "ನೋಡ..." ಎಂದರು.

"ಬಾಯಿ ಮುಚ್ಕೋಬೇಕು ಸ್ವಾಮಿ, ಇದು ಸಂತೆ," ಎಂದರು ಮೇಷ್ಟ್ರು.

ಜವಾನ ಬಾಗಿಲಲ್ಲೇ ಗೋಡೆ ಹಿಡಿದುಕೊಂಡ. ಸಾಹೇಬರು ಬಾಯಿ ಮುಚ್ಚಿದರು. ವಲ್ಲಿ ಬಹಳ ಹೊತ್ತು ಉಬ್ಬಿತು, ತಗ್ಗಿತು, ಒಳಗೆ ಎರಡು ಬೆಕ್ಕಿನ ಮರಿ ಕಟ್ಟಿಹಾಕಿದ ಹಾಗೆ. ಕೊನೆಗೆ ನಿಂತಿತು. ಮೇಷ್ಟ್ರು ವಲ್ಲಿಯನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು, ಕೈಮುಗಿದು, ಹೊರಗೆ ಬಂದರು.

"ಏನಾಯ್ತು ಸಾರ್?"

"ಹೇಳೋಂಗಿಲ್ಲ."

ಮಂಡಿ ಮೊಹಲ್ಲಾದವರೆಗೂ ಕೇಳಿದೆ. ಅವರದೇ ದನಿಯಲ್ಲಿ ಕೇಳಿದೆ, ಸಾಹೇಬರ ದನಿಯಲ್ಲಿ ಕೇಳಿದೆ, ಅವರ ಹೆಂಡತಿಯ ದನಿಯಲ್ಲೂ ಕೇಳಿ ನೋಡಿದೆ. ಹೇಳಲಿಲ್ಲ. ಆಮೇಲೆ ಸ್ವತಃ ಹೆಂಡತಿಯೇ ಕೇಳಿದರು. ಅವರಿಗೂ ಹೇಳಲಿಲ್ಲ. "ನನ್ನ ಹತ್ರಾನೂ ವಲ್ಲಿ ಹಾಕ್ಕೊಂಡೇ ಮಾತಾಡಿ ಹಾಗಾದ್ರೆ," ಎಂದು ಆಕೆ ಎರಡು ದಿನ ಊಟಕ್ಕೂ ಬೆರಳಲ್ಲೇ ಸನ್ನೆ ಮಾಡಿ ಕರೆದರು.

ಸರ್ಕಾರದ ಹುಕುಂ ಬಂದಾಗ ಗೊತ್ತಾಯಿತು. ಮಂಗಳವಾರದ ಸಂತೆ ಕಡವಿನಪೇಟೆಯಲ್ಲೇ ಇರತಕ್ಕದ್ದು. ಸೇತುವೆಯ ಬಳಿ ಆಗಲೇ ನೀರಿನ ತೊಟ್ಟಿಗಳನ್ನು ಕಟ್ಟಿಸಿರುವುದರಿಂದ ದನದ ವ್ಯಾಪಾರ ಮಾತ್ರ ಅಲ್ಲಿಗೆ ಹೋಗತಕ್ಕದ್ದು. ಮಂಡಿಯ ಸೇಟು, "ಅರೇ, ಪೂರಾ ಹೋಗೋದು ಇಷ್ಟಾದ್ರೂ ಉಳೀತಲ್ಲ," ಎಂದು ಮೇಷ್ಟ್ರಿಗೆ ಹಾರ ತಂದ. ಮೇ‍ಷ್ಟ್ರು ಹಾಕಿಸಿಕೊಳ್ಳಲಿಲ್ಲ. ಅವರು ಬೆಲ್ಲ, ತರಕಾರಿ ಯಾವುದನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಾದಪ್ಪನಿಗೆ ಕೊಟ್ಟ ಮಾತು ಎತ್ತಿನ ಬಾಲದ್ದು.

ಬೇಸಿಗೆ ರಜೆಯಲ್ಲಿ, ದನಗಳಿಲ್ಲದ ಮೊದಲ ಸಂತೆಗೆ ಅವರು ಹೊರಟರು. ನಾನೂ ಹೋದೆ. ಅಷ್ಟು ದೂರ ಬಸ್ಸು, ಮಿಕ್ಕದ್ದು ಗಾಡಿ. ಇಷ್ಟು ವರ್ಷ ಕೇಳಿದ ಊರನ್ನು ಕೊನೆಗೂ ಕಂಡೆ. ಒಂದು ದಿಬ್ಬದ ಮೇಲೆ ಆಡುಗಳ ನಡುವೆ ನಿಂತು, "ಕೋಟೆ ಎಲ್ಲಿ ಸಾರ್?" ಎಂದೆ.

"ಅದರ ಮೇಲೇ ನಿಂತಿದೀಯಲ್ಲೋ."

ಮೂಗು ಮೇಲಕ್ಕೆ ಹೋಗಲಿಲ್ಲ. ಅವರ ಕಣ್ಣು ಕೆಳಗಿನ ಹುಣಸೆಮರದ ಮೇಲಿತ್ತು. ಬೆಲ್ಲದ ಸಾಲು, ಕುಂಬಳಕಾಯಿಯ ಸಾಲು ಎಲ್ಲ ಗಿಜಿಗಿಜಿ ಅನ್ನುತ್ತಿತ್ತು. ಆ ಮರದ ಕೆಳಗೆ ಮಾತ್ರ ಗೂಟಗಳಿದ್ದವು, ದನಗಳಿರಲಿಲ್ಲ. ಮಾದಪ್ಪ ಹೆಗಲಿಗೆ ವಲ್ಲಿ ಹಾಕಿಕೊಂಡು ಒಂದು ಗೂಟಕ್ಕೆ ಒರಗಿ ಕೂತಿದ್ದ. ಮೇಷ್ಟ್ರು ಹೋಗಿ ಎದುರಿಗೆ ಕೂತರು. ಮಾದಪ್ಪ ಮುಖ ತಿರುಗಿಸಿ ಪಕ್ಕದಲ್ಲಿ ಕುಂಬಳಕಾಯಿ ಮಾರುತ್ತಿದ್ದ ಅಜ್ಜಿಗೆ ಹೇಳಿದ.

"ಅಜ್ಜೀ, ಆ ಮೈಸೂರು ಸಾಮೇರ್ಗೇಳು. ನಾನು ಅವ್ರ ಕುಟ್ಟೆ ಮಾತಾಡಕಿಲ್ಲ."

"ಮಾತಾಡಕಿಲ್ವಂತೆ," ಎಂದಳು ಅಜ್ಜಿ.

"ಕೇಳಿಸ್ತು ಅಂತ ಹೇಳಮ್ಮ," ಎಂದರು ಮೇಷ್ಟ್ರು.

"ಕೇಳುಸ್ತಂತೆ ಕಣ್ಲಾ. ನೋಡಿ, ನಂಗ್ ಯಾಪಾರ ಐತೆ. ಇಬ್ರೂ ಒಂದೊಂದ್ ಕುಂಬಳಕಾಯಿ ತಕ್ಕಂಡ್ರೆ ಇನ್ನೂ ಯೋಳ್ತೀನಿ."

ಇಬ್ಬರೂ ತೆಗೆದುಕೊಳ್ಳಲಿಲ್ಲ. ಬಿಸಿಲು ಮರವನ್ನು ದಾಟಿ ಅವರ ಮೇಲೆ ಬಂತು. ಮೇಷ್ಟ್ರು ಪೇಟವನ್ನೂ ಸರಿಮಾಡಿಕೊಳ್ಳದೆ ಕೂತೇ ಇದ್ದರು. ಸಂತೆ ಕರಗಿ, ಜನ ಹೊಳೆ ದಾಟತೊಡಗಿದರು. ನಾನು ಬಸ್ಸು ತಪ್ಪುತ್ತದೆ ಎಂದು ಹೇಳಲು ಹೊರಟಾಗ ಮಾದಪ್ಪ ಮುಖವನ್ನು ಅತ್ತಲೇ ಇಟ್ಟುಕೊಂಡು ಕೈಯನ್ನು ಮಾತ್ರ ಇತ್ತ ಚಾಚಿದ. ಇನ್ನೊಂದು ಕೈಯಿಂದ ವಲ್ಲಿಯನ್ನು ಅದರ ಮೇಲೆ ಎಳೆದುಕೊಂಡ.

ಮೇಷ್ಟ್ರು ಕೈ ಒಳಗಿಟ್ಟರು.

ಆ ವಲ್ಲಿ ಆಡಿದ ಆಟವನ್ನು ನಾನು ಇಂದಿಗೂ ಅಣಕಿಸಲಾರೆ. ಮೇಷ್ಟ್ರ ಹುಬ್ಬು ಒಮ್ಮೆ ಮೇಲೆ ಹೋಯಿತು, ಒಮ್ಮೆ ಗಂಟಿಕ್ಕಿತು, ನಡುವೆ "ಅಯ್ಯಯ್ಯೋ" ಎಂದರು. ಮಾದಪ್ಪನ ಮೀಸೆ ಕುಣಿಯುತ್ತಿತ್ತು. ಕೊನೆಗೆ ಅವನು ಎದ್ದು, ವಲ್ಲಿ ಕೊಡವಿ, ಹೊಳೆಯ ಕಡೆ ನಡೆದುಬಿಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಅಂಗೈ ನೋಡಿಕೊಳ್ಳುತ್ತಿದ್ದರು. ಕೆಂಪಾಗಿತ್ತು.

"ಏನಂದ ಸಾರ್? ಹೇಳೋಂಗಿಲ್ಲ, ಗೊತ್ತು."

ಅವರು ಕಿಟಕಿಯ ಕಡೆ ನೋಡಿದರು. ಆಮೇಲೆ, ನನಗೆ ತಿಳಿದ ಮಟ್ಟಿಗೆ ಮೊದಲ ಸಲ, ಕಡವಿನಪೇಟೆಯ ಕಟ್ಟಳೆ ಮುರಿದರು.

"ಬೈದ ಕಣೋ. ನಮ್ಮೂರಲ್ಲಿರೋ ಬೈಗುಳ ಅಷ್ಟೂ ಬೈದ. ನಮ್ಮಪ್ಪನನ್ನ ಬೈದ, ಸಾಹೇಬರನ್ನ ಬೈದ, ನಿಮ್ಮ ಬ್ಯಾಂಡನ್ನೂ ಬೈದ. ಐದು ಬೆರಳಲ್ಲಿ ಇಷ್ಟು ಇದೆ ಅಂತ ನನಗೇ ಗೊತ್ತಿರಲಿಲ್ಲ."

"ಆಮೇಲೆ?"

"ಬರೋ ಮಂಗಳವಾರ ಬಾ, ಇನ್ನೂ ಮುಗಿದಿಲ್ಲ ಅಂದ," ಎಂದರು ಮೇಷ್ಟ್ರು. ಅವರ ಮೂಗು ನಿಧಾನವಾಗಿ ಮೇಲಕ್ಕೆ ಹೋಯಿತು.